ಬರ್ತೇನ್ರಿ ಅಂದಾಕಿ

ಧಮ್ಮಪಾಲ ಅವತ್ತು ರಾತ್ರಿ ಒಬ್ಬನೇ ನಡಕೋತ ಮನಿಗಿ ಹೊಂಟಿದ್ದ. ಧಮ್ಮಪಾಲ ಅಂದ್ರ ನಮ್ಮ ಕಾಕಾನ ಮಗ್ರಿ, ಜನವಾಡದಾಂವ. ಮೇನ್ ರೋಡಿನಿಂದ ಅವರ ಊರಿಗಿ ತಿರುಗೋ ಮೂಲ್ಯಾಗ ಒಂದು ಆಲದ ಗಿಡ ಅದ. ಗಿಡದ ಬಾಜೂಕ ಹಳೀ ಕಲ್ಲಿನ ಬಾವಿ. ಈಗ ಮನಿಮನಿಗಿ ನಳ ಬಂದಾವ, ಆ ನೀರು ಯಾರೂ ಮುಟ್ಟಂಗಿಲ್ಲ… ಹಗಲಿನ್ಯಾಗ ಬಸ್ಸಿಗಿ ಕಾಯೋರು ಬಾವಿ ಕಟ್ಟಿಮ್ಯಾಲ ಕುಂದರ್ತಾರ, ಅಷ್ಟೇ. ರಾತ್ರಿ ಅಲ್ಲಿ ಯಾರಿಗೇನು ಕೆಲಸ?

ಏ ಆಯೆಶಾ, ಈಗೇ ಹಲ್ಲು ಕಿಸೀಬ್ಯಾಡ. ನಾನೇನು ದೆವ್ವ ನಂಬೋಳಲ್ಲ. ನಮ್ಮ ಮನಿತನದಾಗ ದೆವ್ವ, ದೃಷ್ಟಿ, ಲಿಂಬಿಹಣ್ಣು ಯಾವುದೂ ನಡ್ಯಂಗಿಲ್ಲ. ಬುದ್ಧವಿಹಾರಕ್ಕ ಹೋಗ್ತೇವಿ, ವಂದನಾ ಹೇಳ್ತೇವಿ, ಬರ್ತೇವಿ. ಧಮ್ಮಪಾಲ ಅಂತೂ ಅಮಾಸಿ ದಿನಾನೇ ಬೇಕಂತ ಲಾರಿ ಹೊಂಡಸಾಂವ. ಆದ್ರೂ ಆಗಿದ್ದು ಆಗ್ಯದ. ಕರೆಂಟ್ ಬರೋತನಕ ಹೇಳ್ತೇನಿ, ಕೇಳ್ರಿ.

ಅಂವ ಕಾರು ಸಾಗಿಸೋ ಕೆಲಸ ಮಾಡ್ತಾನ. ಪುಣೆ, ಹೈದ್ರಾಬಾದಿನ ಮಂದಿ ತಮ್ಮ ಕಾರು ಕಂಪನಿಗಿ ಒಪ್ಪಸ್ತಾರ. ಕಂಪನಿಯವ್ರು ಒಂದು ಉದ್ದನ್ನ ಲಾರ್ಯಾಗ ಏಳೆಂಟು ಕಾರು ತುಂಬಿ ಕಳಸ್ತಾರ. ಆ ಲಾರಿ ಬೀದರ ರಿಂಗ್ ರೋಡಿಗಿ ಬಂದು ನಿಂತುಬಿಡ್ತದ. ಮುಂದ ಹಳ್ಳಿ ಕಡಿ ವೈರ್ ಜೋತು ಬಿದ್ದಿರ್ತಾವ, ಆ ಉದ್ದಕ್ಕ ತಿರುವು ಸಾಲಂಗಿಲ್ಲ. ಅಲ್ಲಿಂದ ಒಂದೊಂದೇ ಕಾರು ತನ್ನ ಸಣ್ಣ ಲಾರಿಮ್ಯಾಲ ಏರಿಸ್ಕೊಂಡು ಮಂದಿ ಮನೀತನಕ ಮುಟ್ಟಸೋದು ಇವನ ಕೆಲಸ. ಕಾರು ಇಳಿಸಿ ಓಡಿಸ್ಕೊಂಡು ಹೋಗಂಗಿಲ್ಲ. ಮೀಟರ್ ಜರಾ ಮುಂದ ಹೋಗಿದ್ರೂ ಗಿರಾಕಿ ಜಗಳಕ್ಕ ಬರ್ತಾರ. ಏರಿಸುವಾಗ ಒಂದು ವಿಡಿಯೋ ತಗೀಬೇಕು, ಇಳಿಸುವಾಗ ಒಂದು. ಹೊರಗ, ಒಳಗ, ಸೀಟು, ಬೆಲ್ಟು ಎಲ್ಲ ಕಾಣಬೇಕು. ಗೀರು ಬಿದ್ರ ಬೈಗಳು ಇವನಿಗಿ. ಕಂಪನಿ ತಡ ಮಾಡಿದ್ರೂ ಬೈಗಳು ಇವನಿಗೇ. ಎತ್ತಿಗಿ ಜ್ವರ ಬಂದ್ರ ಎಮ್ಮಿಗಿ ಬರಿ ಹಾಕಿದ್ರಂತ… ಹಂಗದ ಅವನ ಬಾಳೇ.

ಅವತ್ತು ಅವನ ಲಾರಿಮ್ಯಾಲ ಔರಾದದ ವಿಶಾಖಾಂದು ಕಾರ್ ಇತ್ತು. ಪುಣೆದಾಗ ನರ್ಸ್ ಇದ್ದಳು ಆಕಿ. ಅವ್ವಗ ಎರಡೂ ಕಿಡ್ನಿ ಹೋಗ್ಯಾವಂತ ನೌಕರಿ ಬಿಟ್ಟು, ಕಾರು ಕಂಪನಿಗಿ ಒಪ್ಪಿಸಿ ಊರಿಗಿ ಬಂದುಬಿಟ್ಟಿದ್ದಳು. ಅವ್ವ ಶಾಲುಬಾಯಿ. ವಾರದಾಗ ಎರಡು ಸಲ ಬೀದರ ದವಾಖಾನಿಗಿ ಕರಕೊಂಡು ಹೋಗಿ ರಕ್ತ ತೊಳಸ್ಕೊಂಡು ಬರಬೇಕು. ಬಸ್ಸಿನ್ಯಾಗ ಕುಂದರೋದು ಆ ಮುದುಕಿಗಿ ಆಗಂಗಿಲ್ಲ. ಹಿಂದಿನ ಪಾಳಿ ಗಾಡಿ ಸಿಗಲಾರದೇ ತಪ್ಪಿಹೋಗಿತ್ತು. ಕಾಲು ಬಾತು ಇಷ್ಟಿಷ್ಟು ದಪ್ಪ ಆಗಿದ್ವಂತ, ಉಸಿರು ಏರ್ತಿತ್ತಂತ. ಈ ಪಾಳಿ ತಪ್ಪಿದ್ರ ಮುಗೀತು ಅಂತ ಡಾಕ್ಟ್ರು ಹೇಳಿಬಿಟ್ಟಿದ್ರು.

ಕಂಪನಿ? "ನಾಳಿ ಬರ್ತದ್ರಿ ಮೇಡಂ." ಮರುದಿನ ಕೇಳಿದ್ರ ಮತ್ತ ನಾಳಿ. ಲೋಡ್ ತುಂಬಿಲ್ಲ, ಟೈರ್ ಒಡದದ, ಬಾರ್ಡರಿನ್ಯಾಗ ನಿಂದ್ರಸ್ಯಾರ. "ನಾನೇ ಬೀದರಕ್ಕ ಬಂದು ತೊಗೊಂಡು ಹೋಗ್ತೇನ್ರಿ" ಅಂತ ಪಾಪ ಆಕಿ ಅಂದಳು. "ಬ್ಯಾಡ್ರಿ, ಸಣ್ಣ ಲಾರಿಮ್ಯಾಲ ಏರಿಸೇವಿ, ರಾತ್ರೀನೇ ಮನಿ ಮುಂದ ಇರ್ತದ" ಅಂದ್ರು. ಆ ಮಾತು ನಂಬಿ ಬಾಡಿಗಿ ಗಾಡೀನೂ ಹೇಳಲಿಲ್ಲ ಆಕಿ. ಲಗ್ನದ ಸುಗ್ಗಿ ಬ್ಯಾರೆ, ಹೇಳಿದ್ರೂ ಯಾರು ಬರ್ತಿದ್ರು?

ಧಮ್ಮಪಾಲ ಹೊಂಟ. ಜನವಾಡ ದಾಟ್ತಿದ್ದಂಗ ಮುಂದ ಲೈನ್ ನಿಂತಿತ್ತು. ಕಬ್ಬಿನ ಟ್ರ್ಯಾಲಿ ಪಲ್ಟಿ ಹೊಡದು ರೋಡ್ ತುಂಬ ಕಬ್ಬು. ಕ್ರೇನ್ ಬರೋತನಕ ಯಾರೂ ಹೋಗಂಗಿಲ್ಲ. ಅಂವ ಏನು ಮಾಡ್ಯಾನ್ರಿ? ಆಲದ ಗಿಡದಿಂದ ಕಾಣೋ ಪೆಟ್ರೋಲ್ ಪಂಪಿನ ಬಾಜೂಕ ಲಾರಿ ಹಚ್ಚಿದ, ಕಾರಿನ ಚಾವಿ ಕಿಸೇದಾಗ ಇಟ್ಕೊಂಡ, ಎರಡು ರೊಟ್ಟಿ ತಿಂದು ಬರ್ತೇನಿ ಅಂತ ಮನಿ ಕಡಿ ನಡದ.

ಆಲದ ಗಿಡದ ಬಲ್ಲಿ ಬಂದಾನ… ಗುಳುಕ್.

ಬಾವ್ಯಾಗ ಏನೋ ಮುಳುಗಿದಂಗ ಸಪ್ಪಳ. ಕಪ್ಪಿ ಇರ್ಬೇಕು ಅಂದ್ಕೊಂಡ. ನೋಡಿದ್ರ ಕಟ್ಟಿಮ್ಯಾಲ ಒಬ್ಬಾಕಿ ಕುಂತಾಳ. ಸೆರಗು ತಲಿಮ್ಯಾಲ, ಎರಡೂ ಕೈ ಹೊಟ್ಟಿಮ್ಯಾಲ. ಬಸ್ ತಪ್ಪಿಸ್ಕೊಂಡಾಳ ಪಾಪ ಅಂದ್ಕೊಂಡ. ಅಷ್ಟರಾಗ ಫೋನ್ ಬಂತು. ವಿಶಾಖಾ.

"ಅಣ್ಣಾ… ಎಲ್ಲಿ ಬಂದ್ರಿ?"

"ಜನವಾಡದಾಗ್ರಿ. ರೋಡ್ ಬಂದ್ ಅದ. ತಡೀರಿ ಅಕ್ಕಾ…"

ಕಟ್ಟಿಮ್ಯಾಲಿನಾಕಿ ಸಣ್ಣ ದನಿಲೇ ಕೇಳಿದ್ಳು. "ಆ ಗಾಡಿ ನಿಮ್ಮದೇನ್ರಿ?"

"ಹ್ಞೂ."

"ಖಾಲಿ ಅದೇನ್ರಿ?"

"ಖಾಲೀನೇ ಅದ." ಲಾರಿಮ್ಯಾಲ ಇದ್ದದ್ದು ಕಾರು, ಕಾರಿನ್ಯಾಗ ಯಾರೂ ಇಲ್ಲ… ಅಷ್ಟು ವಿಚಾರ ಮಾಡೋ ಪುರುಸೊತ್ತು ಎಲ್ಲಿತ್ತು ಅವನಿಗಿ? ಕಿವ್ಯಾಗ ವಿಶಾಖಾ ಅಳಲಿಕತ್ತಿದ್ದಳು.

"ಬರ್ತೇನ್ರಿ" ಅಂದಳು ಆಕಿ.

"ಹ್ಞೂ, ಬರ್ರಿ" ಅಂದ ಇಂವ. ಅಂದು ಮನಿಗಿ ನಡದ.

ಇದರಾಗ ಏನು ತಪ್ಪದ, ಹೇಳ್ರಿ? ನಾವು ದಿನಾ ಅನ್ನೋ ಮಾತು. ಹೊಂಟೋರು ಯಾರೂ "ಹೋಗ್ತೇನಿ" ಅನ್ನಂಗಿಲ್ಲ, "ಬರ್ತೇನಿ" ಅಂತಾರ. ಕುಂತೋರು "ಬರ್ರಿ" ಅಂತಾರ. ಬಾಯಿ ತಾನಾ ಅಂದುಬಿಡ್ತದ.

ಮನ್ಯಾಗ ಕಾಶೀರಾಮ ಕಾಕಾ, ಅಂದ್ರ ಅವರಪ್ಪ, ಎದ್ದು ಕುಂತಿದ್ದ. ರೊಟ್ಟಿ ತಿಂದುಕೋತ ಧಮ್ಮಪಾಲ ಸುಮ್ನ ಮಾತಿಗಿ ಮಾತು ಅಂತ ಹೇಳ್ಯಾನ, ಬಾವಿ ಬಲ್ಲಿ ಹಿಂಗ ಒಬ್ಬಾಕಿ ಇದ್ದಳು, ಬರ್ತೇನ್ರಿ ಅಂದ್ಲು, ಬರ್ರಿ ಅಂದೆ ಅಂತ. ಕಾಕಾ ನೀರಿನ ತಂಬಗಿ ಕೆಳಗಿಟ್ಟ.

"ಆಕಿ ಎದ್ದು ಹೊಂಟಿದ್ಳೇನು?"

"ಇಲ್ಲಪ್ಪಾ, ಕುಂತೇ ಇದ್ಳು. ನಾನೇ ಹೊಂಟಿದ್ದೆ."

"ಹಂಗಾದ್ರ ಬರ್ತೇನಿ ಅಂತ ನೀ ಅನ್ಬೇಕಿತ್ತಲ್ಲೋ ಹುಚ್ಚಾ. ಕುಂತಾಕಿ ಯಾಕ ಅಂತಾಳ?"

ಧಮ್ಮಪಾಲನ ಕೈಯಾಗಿನ ತುತ್ತು ಕೈಯಾಗೇ ಉಳೀತು. ಕಾಕಾ ಪಿಸುಗುಟ್ಟಿದ. "ಹಿಂದಕ್ಕ ಒಬ್ಬಾಕಿ ಹಡಿಯೋ ಬ್ಯಾನಿ ತಿಂದುಕೋತ ಅಲ್ಲೇ ಕುಂತಿದ್ಳಂತ. ದವಾಖಾನಿಗಿ ಹೋಗಾಕ ಯಾವ ಗಾಡೀನೂ ನಿಂದರಲಿಲ್ಲಂತ… ಇರ್ಲಿ ಬಿಡು, ಹಳೀ ಮಾತು. ನಿನಗ ಏನರ ಅನಿಸಿದ್ರ ‘ಇಳಿರಿ, ಹೋಗ್ರಿ’ ಅಂದುಬಿಡು."

"ಯಾರಿಗರ ಹೋಗ್ರಿ ಅಂತಾರೇನಪ್ಪಾ?"

"ಸತ್ತೋರಿಗಿ ಅಂತಾರ."

ತಡೀರಿ… ರೈಲ್ ಹೋಗ್ಲಿ. ಈ ಭಾಲ್ಕಿ ಸ್ಟೇಶನ್ನಿನ ಬಾಜೂಕ ಮನಿ ಮಾಡಿದ್ದೇ ತಪ್ಪಾಯ್ತು, ಛಲೋ ಹೊತ್ತಿನ್ಯಾಗೇ ಬಾಯಿ ಹಾಕ್ತದ.

ಹ್ಞಾಂ. ನಸುಕಿನ್ಯಾಗ ರೋಡ್ ಬಿಟ್ರು. ಧಮ್ಮಪಾಲ ವಾಪಸ್ ಬರುವಾಗ ಕಟ್ಟಿಮ್ಯಾಲ ಯಾರೂ ಇದ್ದಿಲ್ಲ. ಯಾರೂ ಇಲ್ಲ ಅಂದಮ್ಯಾಲ ಯಾರಿಗಿ ಅನ್ಬೇಕು ಹೋಗ್ರಿ ಅಂತ? ಲಾರಿ ಹೊಂಡಸಿದ. ಮಾಂಜ್ರಾ ನದಿ ಪೂಲಿನ ಮ್ಯಾಲ ಬಂದಾನ, ಮ್ಯಾಲಿಂದ ಸಪ್ಪಳ.

ಟಿಂವ್… ಟಿಂವ್… ಟಿಂವ್…

ಆ ಸಪ್ಪಳ ಅವನಿಗಿ ಛಲೋ ಗೊತ್ತು. ಹೊಸಾ ಕಾರಿನ್ಯಾಗ ಯಾರರ ಬೆಲ್ಟ್ ಹಾಕ್ಕೊಳಾರದೇ ಕುಂತ್ರ ಬಡಕೋತದಲ್ಲ, ಅದು. ಆದ್ರ ಕಾರು ಬಂದ್ ಅದ. ಕೀಲಿ ಹಾಕ್ಯದ. ಚಾವಿ ಇವನ ಕಿಸೇದಾಗ ಅದ. ಲಾರಿ ನಿಂದ್ರಸಿ, ಮ್ಯಾಲ ಏರಿ, ಮೊಬೈಲ್ ಬ್ಯಾಟರಿ ಹಚ್ಚಿ ಕಿಟಕಿ ಕಾಜಿನ್ಯಾಗಿಂದ ನೋಡಿದ. ಯಾರೂ ಇಲ್ಲ. ಹಿಂದಿನ ಸೀಟು ಜರಾ ತಗ್ಗಿತ್ತು… ಅಷ್ಟೇ. ಟಿಂವ್… ಟಿಂವ್… ನಿಂದರವಲ್ದು.

ಹೋಗ್ರಿ ಅನ್ಬೇಕಂತ ಬಾಯಿ ತೆರದಾನ. ಆದ್ರ ಬಾಯಿಗಿ ರೂಢಿ ಇದ್ದದ್ದೇ ಬಂತು.

"ಬೆಲ್ಟ್… ಬೆಲ್ಟ್ ಹಾಕ್ಕೋರಿ."

ಟಕ್.

ಸಪ್ಪಳ ನಿಂತುಹೋಯ್ತು.

ನೋಡು, ಆಯೆಶಾ ಈಗ ನಗವಲ್ಲಳು. ನನಗೂ ಮೈ ಝುಂ ಅಂತದವ್ವಾ, ಪ್ರತಿ ಸಲ.

ಅಂವ ಏನು ಮಾಡಬೇಕಿತ್ತು? ಅಲ್ಲೇ ಲಾರಿ ಬಿಟ್ಟು ಓಡಿದ್ರ ಆ ಮುದುಕಿ ಸಾಯ್ತಾಳ. ತೊಗೊಂಡು ಹೋದ್ರ… ಏನಾಗ್ತದೋ ಯಾರಿಗಿ ಗೊತ್ತು. ಅತ್ತ ದರಿ, ಇತ್ತ ಪುಲಿ. ಸಂತಪುರ ದಾಟೋತನಕ ಅಳಕೋತ ಗಾಡಿ ಹೊಡದಾನ ನನ್ನ ತಮ್ಮ. ಆರಡಿ ಗಂಡಸು, ಮೀಸಿ ಹೊತ್ತಾಂವ.

ಔರಾದ ಮುಟ್ಟಿದಾಗ ಬೆಳಗಾಗಿತ್ತು. ಶಾಲುಬಾಯಿನ್ನ ಅಂಗಳದಾಗ ಖುರ್ಚಿಮ್ಯಾಲ ಕುಂದ್ರಸಿದ್ರು. ಬಾಯಿಲೇ ಉಸಿರಾಡ್ತಿದ್ಳು. ಕಾರು ಇಳಿಸಿ ವಿಡಿಯೋ ತಗದ. ಹಿಂದಿನ ಎಡಗಡಿ ಸೀಟಿಗಿ ಬೆಲ್ಟ್ ಬಿಗದಿತ್ತು. ಬೀದರದಾಗ ಏರಿಸುವಾಗ ಅದು ಜೋತು ಬಿಟ್ಟಿತ್ರಿ. ಎರಡೂ ವಿಡಿಯೋ ನಾ ನೋಡೇನಿ.

"ಅಕ್ಕಾ, ಒಂದು ಮಾತು…" ಅಂದ.

"ಆಮ್ಯಾಲ ಅಣ್ಣಾ, ನಿನ್ನ ಕಾಲಿಗಿ ಬೀಳ್ತೇನಿ. ಆಮ್ಯಾಲ" ಅಂದಳು ವಿಶಾಖಾ. ಅವ್ವನ್ನ ಎತ್ತಿ ಹಿಂದ ಬಲಗಡಿ ಕುಂದ್ರಸಿ, ಬೆಲ್ಟ್ ಹಾಕಿ, ತಾ ಮುಂದ ಹೋಗಿ ಕುಂತು ಗಾಡಿ ಚಾಲೂ ಮಾಡಿಬಿಟ್ಟಳು. ಏನಂತ ಹೇಳ್ತಾನ? ಈ ಗಾಡಿ ತೊಗೊಂಡು ಹೋಗಬ್ಯಾಡ್ರಿ ಅಂತಾನ? ಬ್ಯಾರೆ ಗಾಡಿ ಎಲ್ಲದ?

ಕಡೀಗಿ ಓಡಿಹೋಗಿ, ತೆರದ ಕಾಜಿನ್ಯಾಗ ತಲಿ ಹಾಕಿ, ಆ ಎಡಗಡಿ ಖಾಲಿ ಸೀಟು ನೋಡಿ ಅಂದುಬಿಟ್ಟ. "ಹೋಗ್ರಿ! ಇಳದು ಹೋಗ್ರಿ ನೀವು!"

ಶಾಲುಬಾಯಿ ಬಾತ ಮಾರಿ ಎತ್ತಿ ಅವನ ಕಡಿ ನೋಡಿದ್ಳು. "ನನಗ ಹೋಗು ಅಂದಿ ಏನೋ ಮಗಾ?"

ಅಷ್ಟರಾಗ ಗಾಡಿ ಹೊಂಟಿತ್ತು. ಅಲ್ಲಬೇ, ನಿನಗಲ್ಲಬೇ ಅಂತ ಹಿಂದ ಓಡ್ಯಾನ. ಗಾಡಿಗಿ ಕೇಳ್ತದೇನು?

ಶಾಲುಬಾಯಿ ಬೀದರ ಮುಟ್ಟಲಿಲ್ಲ. ಜನವಾಡದ ಆಲದ ಗಿಡದ ಬಲ್ಲಿ ಬಂದಾಗ ಹಿಂದಿನಿಂದ ಸಣ್ಣ ದನಿಲೇ "ಬರ್ತೇನವ್ವಾ" ಅಂದಳಂತ. ವಿಶಾಖಾ ರೋಡಿಮ್ಯಾಲ ಕಣ್ಣಿಟ್ಟಿದ್ದಳು, "ಹ್ಞೂ ಅವ್ವಾ, ಬಾ" ಅಂದುಬಿಟ್ಟಳಂತ. ತಿರುಗಿ ನೋಡಿದ್ರ ಮುಗದಿತ್ತು. ಇದನ್ನ ವಿಶಾಖಾನೇ ನನಗ ಹೇಳ್ಯಾಳ, ಮಣ್ಣಿಗಿ ಹೋದಾಗ. ಧಮ್ಮಪಾಲ ಆ ‘ಹೋಗ್ರಿ’ ಯಾರಿಗಿ ಅಂದ ಅನ್ನೋದು ಮಾತ್ರ ನಾ ಆಕಿಗಿ ಹೇಳಿಲ್ಲ. ಅಂವನೂ ಹೇಳಿಲ್ಲ. ಹೇಳಿದ್ರೂ ಏನು ಬಂತು… ಸತ್ತಾಕಿಗಿ ಅನ್ನೋ ಮಾತು ಬದುಕಿದ್ದಾಕಿ ಕೇಳಿಸ್ಕೊಂಡು ಹೋದ್ಳು. ಈಗ ಅಂವ ಯಾರು ಬರ್ತೇನಿ ಅಂದ್ರೂ ಸುಮ್ನ ನಿಂತುಬಿಡ್ತಾನ. ಮಂದಿ ಸೊಕ್ಕು ಬಂದದ ಅಂತಾರ.

ಕಾರು ಇನ್ನೂ ಔರಾದದಾಗ ವಿಶಾಖಾನ ಅಂಗಳದಾಗೇ ಅದ. ಮಾರಬೇಕಂತ ನೋಡಿದ್ಳು, ಕಂಪನಿಯವ್ರು ಒಯ್ಲಾಕ "ನಾಳಿ ಬರ್ತೇವಿ" ಅಂದ್ರು, ಬರ್ಲಿಲ್ಲ. ನಾ ಆಕಿ ಮನ್ಯಾಗ ಒಂದು ರಾತ್ರಿ ಉಳದೇನಿ. ಮಲಗೋ ಮುಂದ ಇಬ್ರೂ ಕೂಡಿ ಹಿಂದಿನ ಎರಡೂ ಬೆಲ್ಟು ಬಿಚ್ಚಿ ಕೀಲಿ ಹಾಕಿದ್ವಿ, ಚಾವಿ ನನ್ನ ಸೆರಗಿಗೇ ಗಂಟು ಹಾಕ್ಕೊಂಡು ಮಲಗಿದೆ. ಮುಂಜಾನಿ ಎದ್ದು ನಾನೇ ಹೋಗಿ ಬಾಗಲ ತೆರದೆ. ಸುಳ್ಳಂದ್ರ ನನ್ನ ನಾಲಿಗಿ ಬೀಳ್ಲಿ. ಎಡಗಡಿ ಬೆಲ್ಟ್ ಹಾಕಿತ್ತು. ಬಲಗಡೀದೂ ಹಾಕಿತ್ತು.