ಎಂಟು ನಿಮಿಷದ ಮಂಗಳಾಷ್ಟಕ

ನಮ್ಮ ಧಾರವಾಡದ ಕಡೆ ಒಬ್ಬ ಶ್ರೀಮಂತರು. ಅವರಿಗೆ ಗಿರಣಿ ಇತ್ತು, ಕಾರು ಇತ್ತು, ಮೂರು ಕೈಗಡಿಯಾರ ಇದ್ದವು. ಇಲ್ಲದ್ದು ತಾಳ್ಮೆ. ಹೆಸರು ಬೇಡ, ರಾಯರು ಅನ್ನೋಣ.

ಹಿರಿಯ ಮಗಳ ಮದುವೆ. ಮುಹೂರ್ತಕ್ಕೆ ಎಂಟು ನಿಮಿಷ ಬಾಕಿ. ವಧೂವರರ ನಡುವೆ ಅಂತರಪಟ ಹಿಡಿದು ಭಟ್ಟರು ಮಂಗಳಾಷ್ಟಕ ಶುರುಮಾಡಿದರು. ಜನಕ್ಕೆ ಬೇಸರ ಬರಬಾರದಲ್ಲ, ‘ಲಗೂ ಲಗೂ ಹೇಳ್ರಿ’, ಬೇಗ ಬೇಗ ಮುಗಿಸಿ, ಎಂದು ರಾಯರು ಮೊದಲೇ ತಾಕೀತು ಮಾಡಿದ್ದರು. ಆದದ್ದೇನು? ಶ್ಲೋಕ ಮುಗಿದಾಗಲೆಲ್ಲ ಭಟ್ಟರು ‘ಸಾವಧಾನ’ ಎನ್ನುವರು, ಜನ ಅಕ್ಷತೆ ಎಸೆಯುವರು. ಮೂರನೆಯ ಶ್ಲೋಕಕ್ಕೆ ಕೈ ಖಾಲಿ. ಎಂಟೂ ಮುಗಿದರೂ ಮುಹೂರ್ತ ಬರಲಿಲ್ಲ, ಮತ್ತೆ ಮೊದಲಿನಿಂದ. ನೋಡಿ, ಕೈ ಖಾಲಿಯಾದ ಮನುಷ್ಯ ಎಲ್ಲಿಗೆ ಹೋಗುತ್ತಾನೆ? ಊಟದ ಪಂಕ್ತಿಗೆ. ಪರದೆ ಸರಿದಾಗ ಹುಡುಗಿಗೆ ಕಂಡದ್ದು ವರ, ಫೋಟೊದವನು, ಮತ್ತು ಇನ್ನೂರು ಖಾಲಿ ಕುರ್ಚಿ. ಅವಳು ಅತ್ತಳು. ಆಲ್ಬಮ್ಮಿನಲ್ಲಿ ಅದು ಆನಂದಬಾಷ್ಪದಂತೆ ಕಾಣುತ್ತದೆ, ಆ ಮಾತು ಬೇರೆ.

ಕಿರಿಯವಳ ಮದುವೆ ಗೊತ್ತಾಯಿತು. ‘ಅಪ್ಪಾ, ನಾ ಖಾಲಿ ಕುರ್ಚಿ ಮುಂದ ಮಾಲಿ ಹಾಕೂದಿಲ್ಲ ನೋಡು’ ಎಂದುಬಿಟ್ಟಳು. ರಾಯರು ಸಂಗೀತ ಕಲಿಸುವ ತುಂಗಕ್ಕನ ಮನೆಗೆ ಹೋದರು.

‘ತುಂಗಕ್ಕಾ, ಎಂಟು ನಿಮಿಷ ಮಂದಿ ಏಳಬಾರದು. ಲಗೂನ ಮುಗಿಯೋ ಧಾಟಿ ಹಾಕಿಕೊಡ್ರಿ.’

‘ಮುಗಿಸೋದ ಬ್ಯಾಡ್ರಿ ರಾಯರ. ಮುಗಿದಲ್ಲೆಲ್ಲ ಮಂದಿ ಏಳತಾರ.’

‘ನಿಧಾನ ಹಾಡಿದ್ರ ನಿದ್ದಿ ಹೊಡೀತಾರ.’

‘ಹೊಡೆದ್ರ ನೀವ ಎಬ್ಬಸ್ರಿ. ನೀವಂತೂ ಗಡಿಯಾರ ನೋಡಕೋತ ಎಚ್ಚರ ಇರತೀರಿ.’

ಮದುವೆಯ ದಿನ ತುಂಗಕ್ಕ ಹಾಡಿದರು. ಶ್ಲೋಕಗಳು ಅವೇ, ನಡೆ ಮಾತ್ರ ವಿಳಂಬ. ಪ್ರತಿ ಶ್ಲೋಕದ ಕೊನೆಯ ಸಾಲು ಹಾಡು ನೆಲೆ ನಿಲ್ಲುವ ಸ್ವರಕ್ಕೆ, ಷಡ್ಜಕ್ಕೆ, ಇಳಿಯಲು ಬರುತ್ತದೆ, ಇನ್ನೇನು ಇಳಿಯಿತು ಅನ್ನುವಾಗ ಮೇಲಕ್ಕೆ ತಿರುಗಿ ಮುಂದಿನ ಶ್ಲೋಕವಾಗುತ್ತದೆ. ಅಕ್ಷತೆ ಹಿಡಿದ ಕೈಗಳು ಎತ್ತಿದ್ದು ಎತ್ತಿದಂತೆಯೇ ನಿಂತವು. ‘ಎಲಿ ಹಾಕೇವ್ರಿ’ ಎಂದು ಕರೆಯಲು ಬಂದ ಅಡುಗೆಯವರು ಸೌಟು ಹಿಡಿದು ಬಾಗಿಲಲ್ಲೇ ನಿಂತರು. ಮತ್ತೆ ನಮ್ಮ ರಾಯರು? ಭಟ್ಟರು ‘ವ್ಯಾಳ್ಯಾ ಎಷ್ಟಾತ್ರಿ?’ ಎಂದು ಎರಡು ಸಲ ಕೇಳಿದರು. ಗಡಿಯಾರ ಕೈಯಲ್ಲೇ ಇದ್ದರೂ ರಾಯರಿಗೆ ಕೇಳಿಸಲಿಲ್ಲ.

ಹಾಗಾದರೆ ಮುಹೂರ್ತ ತಪ್ಪಿತೇ? ಇಲ್ಲ. ತುಂಗಕ್ಕನ ಹೆಬ್ಬೆರಳು ಬೆರಳ ಗೆಣ್ಣುಗಳ ಮೇಲೆ ನಡೆಯುತ್ತಲೇ ಇತ್ತು. ನಾಲ್ಕು ಬೆರಳಿಗೆ ಹನ್ನೆರಡು ಗೆಣ್ಣು, ಎರಡು ಸುತ್ತಿಗೆ ತಾಳದ ಇಪ್ಪತ್ನಾಲ್ಕು ಆವರ್ತನ, ಸರಿಯಾಗಿ ಎಂಟು ನಿಮಿಷ. ಸ್ವರ ಷಡ್ಜಕ್ಕೆ ಇಳಿಯಿತು, ಆ ದಿನದ ಒಂದೇ ಒಂದು ‘ಸಾವಧಾನ’ ಬಂತು, ಪರದೆ ಸರಿಯಿತು. ಹುಡುಗಿ ತಲೆ ಎತ್ತಿದರೆ ಮಂಟಪ ತುಂಬ ಜನ. ಇಷ್ಟು ಬೇಗ ಆಯಿತೇ ಎಂದು ಅವರೆಲ್ಲ ಮುಖ ಮುಖ ನೋಡಿಕೊಂಡರು.

ಎರಡು ಮದುವೆ, ಎರಡಕ್ಕೂ ಎಂಟೇ ನಿಮಿಷ. ಒಂದು ಉದ್ದ, ಒಂದು ಗಿಡ್ಡ. ಯಾಕೆ? ನಿಧಾನ ನಮ್ಮನ್ನು ದಣಿಸುವುದಿಲ್ಲ, ಮುಗಿಯಿತೇ ಮುಗಿಯಿತೇ ಎಂಬ ಚಡಪಡಿಕೆ ದಣಿಸುತ್ತದೆ.

ಈಗ ನಿಮ್ಮ ಮಾತಿಗೆ ಬರೋಣ. ಮನೆಯವರು ಏನೋ ಹೇಳಲು ಶುರುಮಾಡುತ್ತಾರೆ. ನೀವು ಏನು ಮಾಡುತ್ತೀರಿ? ‘ಗೊತ್ತಾತು, ಮುಂದ ಹೇಳು’ ಎನ್ನುತ್ತೀರಿ, ಕೈ ಆಗಲೇ ಫೋನಿಗೆ. ಅವರ ಮಾತಿನ ಎದುರಿಗೂ ಖಾಲಿ ಕುರ್ಚಿಯೇ, ನೀವು ಅದರಲ್ಲಿ ಕೂತಿದ್ದರೂ. ನಾನು ಹೆಚ್ಚೇನೂ ಕೇಳಿಕೊಳ್ಳುವುದಿಲ್ಲ. ಇಂದು ಮನೆಯಲ್ಲಿ ಒಬ್ಬರ ಒಂದು ಮಾತನ್ನು ಅವರೇ ಮುಗಿಸುವವರೆಗೆ ಕೇಳಿ. ತಮ್ಮ ಮಾತು ಇಳಿಯುವ ಜಾಗ ಅವರಿಗೆ ಗೊತ್ತಿದೆ. ಮುಗಿಸಿ ತಲೆ ಎತ್ತಿದಾಗ ನೀವು ಅಲ್ಲಿರಬೇಕು, ಅಷ್ಟೇ.