ಕಣ್ಣು ಮುಚ್ಚಿ ಕೇಳುವ ಪಾಠ

...ವೈರು ಕಣೋ, ವೈರು. ಇನ್ನೆಷ್ಟು ಸಲ ಹೇಳಲಿ? ಕ್ಯಾಮೆರಾದ ವೈರು ನೆಲದ ಮೇಲೆ ಬಿದ್ದಿತ್ತು, ಎಡಗಾಲು ಸಿಕ್ಕಿಕೊಳ್ತು, ಮುಗ್ಗರಿಸಿ ಬಿದ್ದೆ. ಇಡೀ ಕ್ಲಾಸಿನ ಮುಂದೆ ಬಿದ್ದೆ, ನಿಜ. ನಾಚಿಕೆ ಆಯ್ತು, ಅದೂ ನಿಜ. ಅಷ್ಟಕ್ಕೇ ನನ್ನ ನಡಿಗೆ ಕ್ಲಾಸು ಕಿತ್ತು ಆ ಹೊಸ ಹುಡುಗಿಗೆ ಕೊಡೋದಾ? ನೀನೀಗ ಫಿಸಿಯೋಥೆರಪಿ ವಿಭಾಗದ ಮುಖ್ಯಸ್ಥ, ಇರಬಹುದು. ಮೊಣಕಾಲ ಚಿಪ್ಪು ಎಲ್ಲಿದೆ ಅಂತ ನಿನಗೆ ಮುಟ್ಟಿ ತೋರಿಸಿದವಳು ನಾನು.

ಯಾಕೆ ನಗ್ತೀಯ? ಚಿಪ್ಪು ತೋರಿಸು ಅಂದರೆ ನೀನು ಮೊದಲ ದಿನ ತೋರಿಸಿದ್ದು ತೊಡೆ. ಮರೆತಿಲ್ಲ ನಾನು.

ಬೇಡ, ನೀನು ಆ ಕಡೆ ಕಂಪ್ಯೂಟರ್ ಹತ್ರಾನೇ ಇರು. ನಾನು ಈ ರೋಗಿಗಳ ಮಂಚದ ಮೇಲೆ ಆರಾಮಾಗಿ ಕೂತಿದ್ದೀನಿ. ಲ್ಯಾಬಲ್ಲಿ ಬೇರೆ ಯಾರೂ ಇಲ್ಲವಲ್ಲ, ಅಲ್ಲಿಂದಲೇ ಮಾತಾಡು.

ಆ ಹುಡುಗಿ ಜಾಣೆ, ಇಲ್ಲ ಅನ್ನಲ್ಲ. ಆದರೆ ಅವಳು ರೋಗಿ ನಡೆದದ್ದನ್ನ ಪರದೆ ಮೇಲೆ ಗೆರೆ ಮಾಡಿ ತೋರಿಸ್ತಾಳೆ. ಇಷ್ಟು ಡಿಗ್ರಿ, ಅಷ್ಟು ಡಿಗ್ರಿ. ನಾನು ಮೊದಲು ಮಕ್ಕಳ ಕಣ್ಣು ಮುಚ್ಚಿಸ್ತೀನಿ. ರೋಗಿ ನಡೀತಾರೆ, ಮಕ್ಕಳು ಕೇಳಿಸ್ಕೋಬೇಕು. ಎರಡೂ ಕಾಲು ಒಂದೇ ಮಾತಾಡ್ತಿದ್ಯಾ? ರೋಗಿ ಹರಟೆ ಹೊಡೆದರೆ ಸುಮ್ಮನಿರಿಸಿ, ಮಾತು ಹೆಜ್ಜೆನ ಮುಚ್ಚಿಹಾಕುತ್ತೆ ಅಂತೀನಿ. ಏನು ಕಂಡುಹಿಡಿದರೂ ರೋಗಿ ನಡೆಯುವಾಗ ಬಾಯಿ ಬಿಡಬಾರದು, ಅವರು ಕೂತ ಮೇಲೆ ಮೆಲ್ಲಗೆ ಹೇಳಬೇಕು. ನಿಂತವರು ಕೇಳಿ ಕುಸಿದರೆ? ಈ ಪಾಠ ಯಾವ ಪುಸ್ತಕದಲ್ಲಿದೆ ಹೇಳು.

ಏನಂದೆ? ನಾನು ಮಾತು ಜಾಸ್ತಿ ಮಾಡಿದ್ದೀನಾ? ಕಾರಿಡಾರಲ್ಲಿ ಗೋಡೆ ಜೊತೆನೂ ಮಾತಾಡ್ಕೊಂಡು ಹೋಗ್ತೀನಿ ಅಂತ ಮಕ್ಕಳು ಹೇಳ್ತಾರಾ? ವಯಸ್ಸಾಯ್ತಪ್ಪ. ಮದುವೆ ಆಗಿದ್ದರೆ ಗಂಡನ ತಲೆ ತಿಂತಿದ್ದೆ, ಈಗ ಗೋಡೆದು ತಿಂತೀನಿ.

ಇದೂ ಒಂದು ಕಾಟ, ಈ ನನ್ನ ಚಪ್ಪಲಿ. ಎಡಗಾಲಿಂದು ಮಾತ್ರ ಮುಂದುಗಡೆ ಸವೆದುಹೋಗಿದೆ. ತಂಗಿ ಎತ್ತಿ ಹಿಡ್ಕೊಂಡು, ಅಕ್ಕಾ ಇದೇನೇ ಅಂದಳು. ಚರ್ಮ ಸರಿ ಇಲ್ಲ ಬಿಡೇ ಅಂದೆ. ಅವಳು ನಂಬಿದಳು, ಪಾಪ.

ಯಾಕೋ ಹಾಗೆ ನೋಡ್ತೀಯ?

ನಡೀಬೇಕಾ? ನಾನಾ? ಈ ಮಂಚದಿಂದ ನಿನ್ನ ಮೇಜಿನ ತನಕ ಒಂದು ಸಲ ನಡೆದು ತೋರಿಸಿದರೆ ಕ್ಲಾಸು ವಾಪಸ್ ಕೊಡ್ತೀಯಾ? ಭೇಷ್. ಗುರುವಿಗೇ ತಿರುಮಂತ್ರ. ಈ ಲ್ಯಾಬಿನ ನೆಲ ಒಂದು ಕಡೆ ಇಳಿಜಾರಿದೆ, ಅದು ಗೊತ್ತಾ? ...ಹೌದು, ಹೌದು, ಕುಣಿಯಲಾರದವಳಿಗೆ ನೆಲ ಡೊಂಕು. ನೀನು ಬಾಯಿ ಬಿಟ್ಟು ಹೇಳದಿದ್ದರೂ ನಿನ್ನ ಮುಖ ಹೇಳ್ತಿದೆ.

ಮಾತು ಕೊಡ್ತೀಯಾ? ನಡೆದರೆ ಕ್ಲಾಸು ನನ್ನದೇ? ನೋಡು, ನನಗೆ ಇರೋದು ಅದೊಂದೇ. ಮೀಟಿಂಗಿಂದ ತೆಗಿ, ಪರೀಕ್ಷೆ ಕೆಲಸದಿಂದ ತೆಗಿ, ಅದೊಂದನ್ನ ನನಗೆ ಬಿಡು.

ಸರಿ. ಇಳಿದೆ. ಬಂದೆ. ನೋಡು, ಬರ್ತಾ ಇದ್ದೀನಿ. ಅಂದ ಹಾಗೆ ಆ ಕಿಟಕಿ ಗಾಜು ಬದಲಾಯಿಸಬೇಕು ಅಂತ ಯಾವತ್ತೋ ಹೇಳಿದ್ದೆ, ಈ ಎಲುಬಿನ ಗೊಂಬೆಗೆ ಹೆಬ್ಬೆರಳೇ ಇಲ್ಲ, ಮಕ್ಕಳು ಯಾರೋ ಎತ್ತಿಕೊಂಡು ಹೋಗಿದ್ದಾರೆ, ಮತ್ತೆ ಆ ಟ್ರೆಡ್‌ಮಿಲ್ಲು ಕಿರ್ರೋ ಅನ್ನುತ್ತೆ, ಮೆಕ್ಯಾನಿಕ್ಕನ್ನ ಕರೆಸು ಅಂದರೆ ನೀನು ಇವತ್ತು ನಾಳೆ ಅಂತ...

ಕಣ್ಣು ಯಾಕೆ ಮುಚ್ಚಿದೆ?

ಏಯ್, ಕಣ್ಣು ಬಿಡು. ತಲೆನೋವಾ? ಬಿಡೋ. ಏನಾದರೂ ಮಾತಾಡೋ... ನಾನು ಮಾತಾಡ್ತೀನಿ. ಟ್ರೆಡ್‌ಮಿಲ್ಲು... ಏನೋ ಹೇಳ್ತಿದ್ದೆ...

...

ಕೇಳಿಸ್ತಾ?

ಎಡಗಾಲು. ಪಟ್ ಅಂತ ಬೀಳುತ್ತೆ. ಪಾದದ ಮುಂಭಾಗ ಏಳ್ತಿಲ್ಲ. ಏಳು ಅಂತೀನಿ, ಕೇಳಲ್ಲ ಕಣೋ ಅದು. ಎತ್ತೋ ಸ್ನಾಯು ಯಾವುದು, ಅದಕ್ಕೆ ಹೋಗೋ ನರ ಎಲ್ಲಿಂದ ಹೊರಡುತ್ತೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳ್ತೀನಿ. ಗೊತ್ತಿದ್ದು ಏನು ಬಂತು? ಈಚೆಗೆ ಬಲಗಾಲೂ ಶುರು ಮಾಡಿದೆ. ಎರಡೂ ಕಾಲಿಗೆ ಬಂದರೆ ಅದು ಎಂಥ ದೊಡ್ಡ ಕಾಯಿಲೆ ಇರಬಹುದು ಅಂತ ನಾನೇ ಅಲ್ಲವಾ ನಿಮಗೆಲ್ಲ ಪಾಠ ಮಾಡಿದ್ದು? ಹೆದರಿಕೆ ಆಗುತ್ತೆ ಕಣೋ.

ಬೈಯಿ. ಯಾಕೆ ಹೇಳಲಿಲ್ಲ ಅಂತ ಬೈಯಿ. ಏನಾದರೂ ಅನ್ನು...

ಆ ಕುರ್ಚಿ ಯಾಕೆ ಎಳೀತಿದ್ದೀಯ?

ಬೇಡ. ಅಲ್ಲೇ ಇಡು ಅದನ್ನ. ನಾನು ಕೂರಲ್ಲ. ಕೂತರೆ ನೀನು ಹೇಳ್ತೀಯ. ಮೇಜು ಹಿಡ್ಕೊಂಡಿದ್ದೀನಿ, ಏನೂ ಆಗಲ್ಲ. ನಾನು ಹೀಗೇ ನಿಂತಿರ್ತೀನಿ.