ತೆರಾಗಿ ಮನೆಯ ಅನಿಸಿಕೆ ಪುಸ್ತಕ

ಇದು ನನ್ನ ಚಿಕ್ಕಪ್ಪನ ಮಗಳು ತೊಮೊಯೆಗೆ ಆದದ್ದು. ಕೇಳಿದ್ದಲ್ಲ, ನಾನು ಜೊತೆಗೇ ಇದ್ದೆ.

ರಾತ್ರಿ ಹತ್ತೂವರೆ. ಜಪಾನಿನ ನಮ್ಮ ಊರು ಕನಜಾವಾದಲ್ಲಿ ಹಿಮ ಬಿದ್ದು ನಿಂತಿತ್ತು. ನನ್ನ ಸೋಬಾ ಶಾವಿಗೆಯ ಅಂಗಡಿ ಮುಚ್ಚಿ ಇಬ್ಬರೂ ಮನೆಗೆ ಹೊರಟಿದ್ದೆವು. ತೆರಾಗಿ ಮನೆಯ ಬಾವಿ ದಾಟುವಾಗ ತೊಮೊಯೆ ನಿಂತಳು.

"ಕೇಳಿಸ್ತಾ?"

"ಬಾವಿ ರಾಟೆ ಕಣೇ. ಗಾಳಿಗೆ."

"ಅಲ್ಲ ಅಕ್ಕಾ… ಚೀಲ."

ಹೌದು. ಗೋಡೆಯಾಚೆ… ಪರಪರ… ನಿಂತಿತು… ಮತ್ತೆ ಪರಪರ.

ತೆರಾಗಿ ಮನೆ ಹಳೆಯ ಸಮುರಾಯಿ ಮನೆ. ನೋಡಲು ದಿನವೂ ಪ್ರವಾಸಿಗರು ಬರುತ್ತಾರೆ. ಅದನ್ನು ನೋಡಿಕೊಳ್ಳುವವಳು ತೊಮೊಯೆ. ಸಂಜೆ ಐದಕ್ಕೆ, ಒಳಗೆ ಹೋಗುವವರು ಬಿಚ್ಚಿಡುವ ಬಾಗಿಲ ಬಳಿಯ ಬೂಟಿನ ಗೂಡು ನೋಡುತ್ತಾಳೆ. ಖಾಲಿ ಇದ್ದರೆ ಒಳಗೆ ಯಾರೂ ಇಲ್ಲ. ಬೀಗ. ಇಪ್ಪತ್ತು ವರ್ಷ ಹಾಗೇ ನಡೆದಿತ್ತು.

ಜನವರಿಯ ಒಂದು ಸಂಜೆ ಗೂಡು ಖಾಲಿ ಇತ್ತು, ಬೀಗ ಹಾಕಿದಳು. ಒಳಗೆ ಅವಳ ತಾಯಿ ಫುಸಾ ಇದ್ದಳು. ಮರೆವಿನ ಮುದುಕಿ. ಮಗಳನ್ನು ಹುಡುಕಿಕೊಂಡು ಬಂದವಳು, ಬಾಗಿಲಲ್ಲಿ ತೂಗುಹಾಕಿದ ಪ್ಲಾಸ್ಟಿಕ್ ಚೀಲವೊಂದನ್ನು ಕಿತ್ತು, ಕೆಲವು ಪ್ರವಾಸಿಗರ ಹಾಗೆ ಬೂಟನ್ನು ಅದರಲ್ಲಿ ಹಾಕಿ ಕೈಯಲ್ಲೇ ಹಿಡಿದು ಹೋಗಿದ್ದಳು. ರಾತ್ರಿಯಿಡೀ ಊರೆಲ್ಲ ಹುಡುಕಿದೆವು, ಆ ಮನೆಯೊಂದನ್ನು ಬಿಟ್ಟು. ಬೆಳಿಗ್ಗೆ ಬಾಗಿಲು ತೆಗೆದಾಗ ಹೊಸ್ತಿಲ ಒಳಗೇ ಚಳಿಗೆ ಮರಗಟ್ಟಿ ಸತ್ತು ಬಿದ್ದಿದ್ದಳು.

ಆಮೇಲೆ ಪ್ರತಿದಿನ ಪ್ರವಾಸಿಗರು ಬರೆಯುವ ಅನಿಸಿಕೆ ಪುಸ್ತಕದಲ್ಲಿ ಸತ್ತ ಫುಸಾಳ ಅಕ್ಷರ. "ಎಷ್ಟು ಜನ: ಒಬ್ಬಳು. ಅನಿಸಿಕೆ: ಮನೆ ಚೆನ್ನಾಗಿದೆ. ತುಂಬ ಚಳಿ. ನೋಡಿಕೊಳ್ಳುವವರು ಯಾರೂ ಕಾಣಲಿಲ್ಲ."

ಅದರ ಕೆಳಗೆ ತೊಮೊಯೆ ದಿನವೂ ಬರೆಯುವಳು: "ಅಮ್ಮಾ, ನಾನು ತೊಮೊಯೆ. ತಪ್ಪಾಯಿತು." ಮಾರನೆಯ ದಿನ ಮತ್ತೆ ಅದೇ ಸಾಲು.

"ನಾಳೆ ಅಮ್ಮ ಸತ್ತು ನಲವತ್ತೊಂಬತ್ತನೇ ದಿನ," ಗೋಡೆಯ ಬಳಿ ನಿಂತು ತೊಮೊಯೆ ಪಿಸುಗುಟ್ಟಿದಳು. "ಆಮೇಲೆ ಈ ಲೋಕ ಬಿಟ್ಟು ಹೊರಟೇ ಹೋಗ್ತಾಳೆ. ಒಂದೇ ಒಂದ್ಸಲ ಹೆಸರು ಹಿಡಿದು ಬೈಲಿ ಅಕ್ಕಾ, ಸಾಕು."

"ಬದುಕಿದ್ದಾಗಲೇ ಯಾರ ಗುರುತೂ ಹತ್ತುತ್ತಿರಲಿಲ್ಲ ಆಯಮ್ಮನಿಗೆ. ನನ್ನನ್ನ ಪೋಸ್ಟ್‌ಮ್ಯಾನ್ ಅಂತಿದ್ಲು."

"ನಿನ್ನ ಮೀಸೆ ನೋಡಿ." ನಕ್ಕಳು. ನಕ್ಕವಳೇ ಬೀಗದ ಕೈ ತೆಗೆದಳು. "ಐದು ನಿಮಿಷ. ಬಾಗಿಲು ತೆಗೆದೇ ಇಡ್ತೀನಿ."

ಖಟಕ್… ಬೀಗ. ಮೆಲ್ಲಗೆ ಸರಿದ ಬಾಗಿಲು. ಪರಪರ ನಿಂತಿತು.

ಅವಳು ಒಳಗೆ ಹೋದಳು. ನಾನು ಹೊರಗೆ ಅರ್ಧ ಗಂಟೆ ಕಾದೆ. ಕೂಗಿದೆ. ಆಮೇಲೆ ಮೊಬೈಲ್ ಬೆಳಕು ಹಿಡಿದು ಒಳಗೆ ಹೋದೆ. ಬೂಟಿನ ಗೂಡು ಖಾಲಿ. ನಾಲ್ಕು ಕೋಣೆ, ಯಾರೂ ಇಲ್ಲ. ಹಿತ್ತಲ ಹಿಮದ ಮೇಲೆ ಒಂದು ಹೆಜ್ಜೆಯೂ ಇಲ್ಲ. ಮೇಜಿನ ಮೇಲೆ ಪುಸ್ತಕ ತೆರೆದಿತ್ತು. ಶಾಯಿ ಹಸಿ. ಅಕ್ಷರ ಫುಸಾಳದ್ದೇ.

"ಎಷ್ಟು ಜನ: ಇಬ್ಬರು. ಅನಿಸಿಕೆ: ತುಂಬ ಚಳಿ. ನೋಡಿಕೊಳ್ಳುವವರು ಯಾರೂ ಕಾಣಲಿಲ್ಲ."

ಪೊಲೀಸರು ಬಾವಿಯ ನೀರನ್ನೂ ಬಸಿದು ನೋಡಿದರು. ತೊಮೊಯೆ ಸಿಗಲಿಲ್ಲ. ಅಕ್ಷರ ಫುಸಾಳದ್ದು ಅನ್ನುವುದು ನನ್ನ ಭ್ರಮೆ ಅಂದರು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಒಂದೊಂದು ಅಕ್ಷರವನ್ನೂ ನಾನೇ ಕಲಿತಿದ್ದೇನೆ. ಕೈಬರಹದ ಗುರುತು ತಪ್ಪುವುದಿಲ್ಲ.

ಈಗ ಬೀಗದ ಕೈ ನನ್ನ ಹತ್ತಿರ ಇದೆ. ಗೂಡು ಖಾಲಿ ಇದ್ದರೂ ನಾಲ್ಕೂ ಕೋಣೆ ನೋಡಿಯೇ ಬೀಗ ಹಾಕುತ್ತೇನೆ. ಬಾಗಿಲಲ್ಲಿ ಚೀಲ ಎಣಿಸಿ ತೂಗುಹಾಕುತ್ತೇನೆ, ಐವತ್ತು.

ಬೆಳಿಗ್ಗೆ ನಲವತ್ತೆಂಟು ಇರುತ್ತವೆ.